ಇವಳೇ ಎಂದು ಕರೆದವನು

"ನೀವೂ ಅಣಬೆ ಮಹಡಿಯವರಾ?"

ಆಸ್ಪತ್ರೆಯ ಹಿಂಬದಿಯ ಬೆಂಚಿನ ಮೇಲೆ ಕೂತು ಮಧ್ಯಾಹ್ನದ ಡಬ್ಬಿ ಬಿಚ್ಚುತ್ತಿದ್ದವನು ತಲೆಯೆತ್ತಿದ. ಎದುರಿಗೆ ನಿಂತವಳಿಗೆ ಮೂವತ್ತೈದು ದಾಟಿರಬಹುದು. ಉಗುರಿನ ಸಂದಿಯಲ್ಲಿ ನೀಲಿ ಬಣ್ಣ, ಕಿವಿಯ ಪಕ್ಕದ ಕೂದಲಲ್ಲಿ ಒಂದು ಹಳದಿ ಚುಕ್ಕೆ. ಎಷ್ಟೋ ದಿನದಿಂದ ನಿದ್ದೆ ಕಾಣದ ಕಣ್ಣು. ಆದರೂ ಆ ಕಣ್ಣಿನ ಮೂಲೆಯಲ್ಲೆಲ್ಲೋ ಒಂದಿಷ್ಟು ತುಂಟತನ ಜಾಗ ಖಾಲಿ ಮಾಡದೆ ಉಳಿದುಕೊಂಡಂತಿತ್ತು.

"ಹೂಂ," ಎಂದ.

ಸುಳ್ಳೇನಲ್ಲ. ಮೂರನೆಯ ಮಹಡಿಯನ್ನು ಆಸ್ಪತ್ರೆಯವರೆಲ್ಲ ಕರೆಯುತ್ತಿದ್ದದ್ದೇ ಹಾಗೆ. ಕೆಲವು ಜಾತಿಯ ಅಣಬೆಗಳಲ್ಲಿ, ಇಲ್ಲದ್ದನ್ನು ಕಣ್ಣಿಗೆ ಕಟ್ಟುವಂತೆ ತೋರಿಸುವ ಒಂದು ವಸ್ತುವಿದೆಯಲ್ಲ, ಅದನ್ನು ಔಷಧವಾಗಿ ಕೊಟ್ಟರೆ ಹಳೆಯ ದುಃಖ ಇಳಿಯುತ್ತದೆಯೇ, ನೆನಪಿನ ಮೇಲೆ, ಗಮನದ ಮೇಲೆ ಏನು ಪರಿಣಾಮವಾಗುತ್ತದೆ ಎಂದು ಅಲ್ಲಿ ಸಂಶೋಧನೆ ನಡೆದಿತ್ತು.

ಅವಳು ಕೇಳದೆಯೇ ಪಕ್ಕದಲ್ಲಿ ಕೂತಳು. "ನಿಮ್ದು ಆಯ್ತಾ? ನಂದು ಗುರುವಾರ. ಹೆಸರು ಹೇಳ್ಬಾರದಂತೆ. ನಂಬರ್ ಹೇಳಬಹುದೋ ಏನೋ, ನಾನು ಹದಿನೇಳು."

ಅವನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

ಅವನು ರೋಗಿಯಾಗಿರಲಿಲ್ಲ. ಆ ಸಂಶೋಧನೆಯ ಫಾರ್ಮಸಿಸ್ಟ್. ಬಂದವರಲ್ಲಿ ಅರ್ಧ ಜನಕ್ಕೆ ನಿಜವಾದ ಔಷಧ, ಉಳಿದರ್ಧಕ್ಕೆ ಮೈ ಸ್ವಲ್ಪ ಬಿಸಿಯಾಗುವಂತೆ ಮಾಡುವ ಒಂದು ವಿಟಮಿನ್. ಯಾರಿಗೆ ಯಾವುದು ಎಂದು ಬಂದವರಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಬೀಗ ಹಾಕಿದ ಕೋಣೆಯಲ್ಲಿ ಕೂತು ಟೊಳ್ಳು ಗುಳಿಗೆಗೆ ಪುಡಿ ತುಂಬುವ ಅವನೊಬ್ಬನಿಗೆ ಗೊತ್ತು. ಅದಕ್ಕಾಗಿಯೇ ಅವನು ಬಂದವರ ಮುಖ ನೋಡುವಂತಿಲ್ಲ, ಮಾತಾಡಿಸುವಂತಿಲ್ಲ. ಹದಿನೇಳನೆಯ ಗುಳಿಗೆಯನ್ನು ಅವನು ಆ ಬೆಳಿಗ್ಗೆಯಷ್ಟೇ ತುಂಬಿಟ್ಟಿದ್ದ.

ವಿಟಮಿನ್.

ಆಗಲೇ ಡಬ್ಬಿ ಮುಚ್ಚಿ ಎದ್ದು ಹೋಗಬೇಕಿತ್ತು. ಹೋಗಲಿಲ್ಲ. ಯಾಕೆ ಎಂದು ಆಮೇಲೆ ತನ್ನನ್ನೇ ಎಷ್ಟೋ ಸಲ ಕೇಳಿಕೊಂಡ. ಕೂದಲಲ್ಲಿದ್ದ ಆ ಹಳದಿ ಚುಕ್ಕೆಯನ್ನು ಅವಳಿಗೆ ಹೇಳಬೇಕೋ ಬೇಡವೋ ಎಂದು ಯೋಚಿಸುತ್ತಾ ಕೂತುಬಿಟ್ಟಿದ್ದ, ಅಷ್ಟೇ.

"ಏನು ಕೆಲಸ ಮಾಡ್ತೀರಿ?" ಎಂದಳು.

"ಔಷಧಿ... ಔಷಧಿ ಅಂಗಡಿ."

"ಓಹೋ, ಅಂಗಡಿಯವರು! ಊರಿಗೆಲ್ಲ ಮಾತ್ರೆ ಕೊಟ್ಟು ಕೊನೆಗೆ ನೀವೇ ಇಲ್ಲಿಗೆ ಬಂದ್ರಾ?" ಎಂದು ನಕ್ಕಳು. "ನಾನು ಬೋರ್ಡ್ ಬರೀತೀನಿ. ಈಗೆಲ್ಲ ಪ್ರಿಂಟ್ ಬಂದ್ಬಿಟ್ಟಿದೆ, ಆದ್ರೂ ಕೈಬರಹವೇ ಬೇಕು ಅನ್ನೋ ಹಟಮಾರಿಗಳು ಒಂದಷ್ಟು ಜನ ಉಳ್ಕೊಂಡಿದಾರೆ. ಅವರಿಂದ ನನ್ನ ಹೊಟ್ಟೆ ನಡೀತಿದೆ."

ಎರಡು ದಿನ ಬಿಟ್ಟು ನೆನಪಿನ ಪರೀಕ್ಷೆಗೆಂದು ಬಂದವಳು ಮತ್ತೆ ಬೆಂಚಿಗೆ ಬಂದಳು. ಅವನೂ ಬಂದಿದ್ದ. ಬಿಳಿ ಕೋಟನ್ನು ಮೇಲೆ ಗೂಟಕ್ಕೆ ಸಿಕ್ಕಿಸಿ, ಕನ್ನಡಿಯಲ್ಲಿ ತಲೆ ಬಾಚಿಕೊಂಡು ಬಂದಿದ್ದ.

"ಒಂದಷ್ಟು ಪದ ಹೇಳ್ತಾರೆ, ಸ್ವಲ್ಪ ಹೊತ್ತಾದ ಮೇಲೆ ವಾಪಸ್ ಹೇಳು ಅಂತಾರೆ," ಎಂದು ದೂರಿದಳು. "ಚಮಚ, ಸೇತುವೆ, ಕುದುರೆ. ನಾನು ಚಮಚ, ಸೇತುವೆ, ಕತ್ತೆ ಅಂದೆ. ಆ ಹುಡುಗಿ ಮುಖದಲ್ಲಿ ಒಂದು ಗೆರೆ ಅಲ್ಲಾಡ್ಲಿಲ್ಲ. ನಿಮ್ಮನ್ನೂ ಹೀಗೇ ಗೋಳು ಹುಯ್ಕೊಂಡ್ರಾ?"

ಅವನು ನಗಲು ಹೋದ. ನಗು ಅರ್ಧಕ್ಕೇ ಸಿಕ್ಕಿಹಾಕಿಕೊಂಡಿತು.

ಆ ದಿನ ಅವಳು ಗಂಡನ ಮಾತು ತೆಗೆದಳು.

"ಜಗಳ ಆಗಿತ್ತು. ಏನಕ್ಕೆ ಅಂತ ಕೇಳ್ಬೇಡಿ, ನೆನಪಿಲ್ಲ. ಅದೇ ನೋಡಿ ಹೊಟ್ಟೆ ಉರಿಯೋದು. ಅವನು ಬಚ್ಚಲಿಗೆ ಹೋದ. ಒಳಗಿಂದ 'ಇವಳೇ' ಅಂದ. ಹೆಸರು ಹಿಡಿದು ಕರೆದೋನೇ ಅಲ್ಲ, ಯಾವತ್ತೂ ಇವಳೇ. ನಾನು ಮುಖ ಊದಿಸ್ಕೊಂಡು ಕೂತಿದ್ದೆ. ಟವೆಲ್ ಮರೆತಿರ್ತಾನೆ, ಬೇಕಾದ್ರೆ ತಾನೇ ಬಂದು ತಗೊಳ್ಳಲಿ ಅಂದ್ಕೊಂಡೆ. ಇನ್ನೊಂದು ಸಲ ಕರೆದ. ಆಮೇಲೆ ಕರೀಲಿಲ್ಲ."

ಅವನು ಡಬ್ಬಿ ಮುಚ್ಚಿ ಪಕ್ಕಕ್ಕಿಟ್ಟ.

"ಹಾರ್ಟು," ಎಂದಳು. "ಓಡಿ ಹೋಗಿದ್ರೂ ಉಳೀತಿರ್ಲಿಲ್ಲ ಅಂತಾರೆ ಡಾಕ್ಟ್ರು. ಉಳೀದೇ ಇದ್ರೂ ಪರವಾಗಿಲ್ಲ. ಓಗೊಡಬಹುದಿತ್ತಲ್ಲ?"

ಗುರುವಾರ ಆ ಔಷಧ ಗಂಡನನ್ನು ತೋರಿಸೀತು ಎಂಬ ಆಸೆಯೊಂದೇ ಅವಳನ್ನು ಇಲ್ಲಿಗೆ ಎಳೆದು ತಂದಿತ್ತು. ಸಿಕ್ಕರೆ ಒಂದೇ ಮಾತು ಹೇಳಬೇಕಂತೆ. ಬಂದೆ ಎಂದು.

ಆ ಮಧ್ಯಾಹ್ನವೆಲ್ಲ ಅವನ ಜೇಬಿನಲ್ಲಿದ್ದ, ಗುಳಿಗೆ ಇಡುವ ಬೀರುವಿನ ಕೀಲಿಕೈ ತೊಡೆಗೆ ಒತ್ತುತ್ತಲೇ ಇತ್ತು. ಒಂದು ಗುಳಿಗೆ ತೆಗೆದು ಇನ್ನೊಂದು ಇಟ್ಟರೆ ಮುಗಿಯಿತು, ಯಾರಿಗೂ ತಿಳಿಯುವುದಿಲ್ಲ. ಬೀರುವಿನ ಮುಂದೆ ನಿಂತ. ಕೀಲಿಕೈಯನ್ನು ತೂತಿಗೆ ಇಟ್ಟ. ಇಡೀ ಸಂಶೋಧನೆಗೆ ಮಣ್ಣು ಹಾಕುವಷ್ಟು ಧೈರ್ಯ ಅವನಿಗಿರಲಿಲ್ಲ. ಕೀಲಿಕೈ ವಾಪಸ್ ಜೇಬಿಗೆ ಬಂತು.

ಗುರುವಾರ ಕಳೆಯಿತು. ಶುಕ್ರವಾರ ಅವಳು ಸಪ್ಪೆ ಮುಖ ಹೊತ್ತು ಬರುತ್ತಾಳೆ, ಸಮಾಧಾನಕ್ಕೆ ಏನು ಹೇಳಲಿ ಎಂದು ಅವನು ಮಾತು ಜೋಡಿಸಿಕೊಳ್ಳುತ್ತಿದ್ದ. ಅವಳು ಬಂದಳು. ಮುಖ ತೊಳೆದಿಟ್ಟ ಗಾಜಿನಂತಿತ್ತು.

"ಬಂದಿದ್ದ, ಅಂಗಡಿಯವರೇ!"

"ಯಾರು?"

"ಇನ್ಯಾರು? ಮೊದಲು ಮೈಯೆಲ್ಲ ಬಿಸಿಯಾಯ್ತು. ಆಗಲೇ ಗೊತ್ತಾಯ್ತು, ನನಗೆ ಸಿಕ್ಕಿರೋದು ನಿಜವಾದದ್ದೇ ಅಂತ. ಕಣ್ಣಿಗೆ ಪಟ್ಟಿ ಕಟ್ಟಿದ್ರು, ಕಿವಿಗೆ ಸಂಗೀತ. ಒಂದು ಹಾಡು ನಿಂತು ಇನ್ನೊಂದು ಶುರುವಾಗೋ ಸಂದಿಯಲ್ಲಿ ನಮ್ಮನೆ ಬಚ್ಚಲ ನಲ್ಲಿ ತೊಟ್ಟಿಕ್ಕೋ ಶಬ್ದ ಕೇಳಿಸ್ತು. ಆಮೇಲೆ 'ಇವಳೇ' ಅಂದ. ನಾನು ಬಂದೆ ಅಂದೆ. ಜೋರಾಗೇ ಅಂದ್ಬಿಟ್ನಂತೆ, ಪಕ್ಕದಲ್ಲಿ ಕೂತಿದ್ದ ನರ್ಸ್ ಬೆಚ್ಚಿಬಿದ್ರಂತೆ!"

ಅವಳು ನಗುತ್ತಾ ಅಳುತ್ತಿದ್ದಳು. ಅವನ ತೋಳಿನ ಮೇಲಿನ ಕೂದಲು ನೆಟ್ಟಗೆ ನಿಂತಿತ್ತು.

ಮೇಲೆ ಹೋದವನು ವಿಟಮಿನ್ನಿನ ಡಬ್ಬ ತೆರೆದು ನೋಡಿದ. ಬಿಳಿ ಪುಡಿ. ಎಂದಿನಂತೆ ಇತ್ತು. ಮನಸ್ಸು ಬಲವಾಗಿ ಬಯಸಿದ್ದನ್ನು ಕಿವಿ ತಾನೇ ಹುಟ್ಟಿಸಿಕೊಳ್ಳುತ್ತದೆ, ಅವನಿಗೆ ತಿಳಿಯದ ವಿಷಯವಲ್ಲ. ಆದರೂ ಡಬ್ಬದ ಮುಚ್ಚಳವನ್ನು ಎಂದಿಗಿಂತ ಬಿಗಿಯಾಗಿ ತಿರುಗಿಸಿದ.

ಅಲ್ಲಿಂದಾಚೆಗೆ ಬೆಂಚು ಅವರಿಬ್ಬರಿಗೆ ಸಾಲದಾಯಿತು. ಸಂಜೆ ಅವಳು ಕೆಲಸ ಮಾಡುವಲ್ಲಿಗೆ ಅವನು ಹೋಗುವುದು ರೂಢಿಯಾಯಿತು. ಕನ್ನಡಕದ ಅಂಗಡಿಯೊಂದರ ಎತ್ತರದ ಗೋಡೆಯ ಮೇಲೆ ಅವಳು ದೊಡ್ಡ ದೊಡ್ಡ ಅಕ್ಷರ ಬರೆಯುತ್ತಿದ್ದಳು. ಅವನು ಕೆಳಗೆ ನಿಂತು ಏಣಿ ಹಿಡಿಯುತ್ತಿದ್ದ.

"ಮೇಲೆ ನೋಡ್ಬೇಡಿ, ಬಣ್ಣ ಬೀಳುತ್ತೆ."

"ನೋಡ್ತಿಲ್ಲ."

"ನೋಡ್ತಿದೀರಿ. ಏಣಿ ನಡುಗ್ತಿದೆ."

ಅವಳು ಕುಂಚ ಎಳೆಯುವಾಗ ಉಸಿರು ಬಿಗಿಹಿಡಿಯುತ್ತಿದ್ದಳು. ಗೆರೆ ಮುಗಿದೊಡನೆ ಉಸಿರು ಬಿಟ್ಟು, ಚೆನ್ನಾಗಿ ಬಂತಾ ಎನ್ನುವಂತೆ ಹೆಗಲ ಮೇಲಿಂದ ಕೆಳಗೆ ನೋಡುತ್ತಿದ್ದಳು. ಅಕ್ಷರ ನೋಡಲೆಂದು ಅವಳು ಕೊಡುತ್ತಿದ್ದ ಆ ಗಳಿಗೆಯಲ್ಲಿ ಅವನು ಒಮ್ಮೆಯೂ ಅಕ್ಷರ ನೋಡಲಿಲ್ಲ. ಅವಳಿಗೂ ಅದು ತಿಳಿದಿತ್ತು. ತಿಳಿದೇ ಇನ್ನೊಂದು ಚೂರು ಹೊತ್ತು ನೋಡುತ್ತಿದ್ದಳು.

ಮನೆಯಲ್ಲಿ ಅಕ್ಕ ಅವನ ಶರ್ಟಿನ ತೋಳು ಹಿಡಿದು ಬೆಳಕಿಗೆ ತಿರುಗಿಸಿದಳು. ನಲವತ್ತಾದರೂ ಮದುವೆಯ ಮಾತೆತ್ತಿದರೆ ಎದ್ದು ಹೋಗುವ ತಮ್ಮ.

"ಇದೇನೋ ಇದು, ನೀಲಿ ಬಣ್ಣ? ಈಗ ಆಸ್ಪತ್ರೆ ಗೋಡೆಗೂ ಇಂಜೆಕ್ಷನ್ ಕೊಡ್ತೀರಾ?"

"ಸುಮ್ನಿರಕ್ಕ."

"ಸುಮ್ನಿರ್ತೀನಪ್ಪ. ಯಾರು ಅಂತ ಹೇಳ್ಬಿಡು, ಆಮೇಲೆ ಸುಮ್ನಿರ್ತೀನಿ."

ಹೇಳಲಿಲ್ಲ. ಹೇಳಹೊರಟರೆ ಎಲ್ಲಿಂದ ಶುರು ಮಾಡುವುದು? ಸತ್ತವನ ದನಿ ಕೇಳಿಸಿಕೊಂಡವಳನ್ನು ಪ್ರೀತಿಸುತ್ತಿದ್ದೇನೆ, ಆ ದನಿ ಔಷಧದಿಂದ ಬಂದದ್ದಲ್ಲ ಎನ್ನುವುದು ನನಗೊಬ್ಬನಿಗೇ ಗೊತ್ತು ಎಂದು ಹೇಳುವುದೇ?

ಕನ್ನಡಕದ ಅಂಗಡಿಯ ಬೋರ್ಡು ಅರ್ಧ ಮುಗಿದಿದ್ದಾಗ ಒಂದು ಸಂಜೆ ಅವಳು ಗೆರೆಯ ನಡುವೆಯೇ ಕೈ ನಿಲ್ಲಿಸಿದಳು. ತಲೆ ಸ್ವಲ್ಪ ಓರೆಯಾಯಿತು. "ಬಂದೆ," ಎಂದಳು, ಮೆಲ್ಲಗೆ, ಒಳಮನೆಯಲ್ಲಿರುವವರಿಗೆ ಹೇಳುವಂತೆ. ಮತ್ತೆ ಗೆರೆ ಮುಂದುವರಿಸಿದಳು.

ಅವನು ಏಣಿಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡ. "ಏನಂದ್ರಿ?"

"ಏನಿಲ್ಲ. ಕರೆದ." ಅವಳು ಇಳಿದು ಬಂದು ಕೈ ಒರೆಸಿಕೊಂಡಳು. "ಸಂಜೆ ಹೊತ್ತು ಕರೀತಾನೆ. ಮನೇಲಿ ಜಾಸ್ತಿ. ಡಾಕ್ಟರಮ್ಮನಿಗೆ ಹೇಳಿದೀನಿ. ಆ ಔಷಧ ತಗೊಂಡ ಕೆಲವರಲ್ಲಿ ಒಂದಷ್ಟು ದಿನ ಹೀಗೆ ಏನಾದ್ರೂ ಉಳ್ಕೊಳ್ಳಬಹುದು, ಆಮೇಲೆ ಇಳಿಯುತ್ತೆ, ನೋಡೋಣ ಅಂದ್ರು. ಬರ್ಕೊಂಡ್ರು."

"ಭಯ ಆಗಲ್ವಾ?"

"ಮೊದಮೊದಲು ಸಂತೋಷ ಆಗ್ತಿತ್ತು." ಅವಳು ಕುಂಚವನ್ನು ಬಟ್ಟೆಗೆ ಒರೆಸುತ್ತಲೇ ಇದ್ದಳು, ಬಣ್ಣ ಹೋದ ಮೇಲೂ. "ಈಗ ಅವನು ಕರೆಯೋದು ನಿಲ್ಲಿಸ್ತಿಲ್ಲ. ಬಂದೆ ಅಂತೀನಿ. ಎಲ್ಲಿಗೆ ಬರ್ಲಿ ಅಂತ ಗೊತ್ತಾಗಲ್ಲ."

ರಸ್ತೆಯ ದೀಪಗಳು ಹತ್ತಿಕೊಂಡವು. ಅವನಿಗೆ ಚಳಿಯಾಯಿತು.

"ಔಷಧ ಇಳೀಲಿ," ಎಂದಳು ಅವಳು, ಅವನ ಕಡೆ ನೋಡದೆ. "ಇಳಿದ ಮೇಲೆ, ನೀವು ಇಷ್ಟು ದಿನದಿಂದ ಬಾಯಲ್ಲೇ ಇಟ್ಕೊಂಡಿದೀರಲ್ಲ, ಅದನ್ನ ಕೇಳಿ. ಅವನು ಇಲ್ಲೇ ಓಡಾಡ್ಕೊಂಡಿರುವಾಗ ಕೇಳ್ಬೇಡಿ. ನನ್ನ ಕೈಲಿ ಉತ್ತರ ಹೇಳೋಕಾಗಲ್ಲ."

ಎಷ್ಟು ದಿನದಿಂದ ಕಾದಿದ್ದ ಮಾತು! ಬಂದದ್ದು ಹೀಗೆ ಬಂತು. ಇಳಿಯಲು ಅವಳ ಮೈಯಲ್ಲಿ ಔಷಧವೇ ಇಲ್ಲ. ಅದನ್ನು ಹೇಳಲು ಬಾಯಿ ತೆರೆದ. ಹೇಳಿದರೆ ಕೆಲಸ ಹೋಗುತ್ತದೆ, ಅದು ಇರಲಿ. ಹೇಳಿದರೆ, ಇಂದಲ್ಲ ನಾಳೆ ಮುಗಿಯುತ್ತದೆ ಎಂಬ ಅವಳ ಒಂದೇ ಧೈರ್ಯವೂ ಹೋಗುತ್ತದೆ. ಅವನ ಮುಖವೂ ಅವಳಿಗೆ ಬೇಡವಾಗುತ್ತದೆ.

"ಸರಿ," ಎಂದ. "ಕಾಯ್ತೀನಿ."

ಆ ರಾತ್ರಿಯಿಂದ ಅವನಿಗೂ ನಿದ್ದೆ ಹಾರಿತು. ಬಚ್ಚಲಲ್ಲಿ ನೀರು ತೊಟ್ಟಿಕ್ಕಿದರೆ ಎದ್ದು ಕೂರುತ್ತಿದ್ದ. ನೋಡದ ಮನುಷ್ಯ, ಕೇಳದ ದನಿ. ಆದರೂ ಆ ಸತ್ತವನು ಯಾರನ್ನು ಹುಡುಕಿಕೊಂಡು ಬರುತ್ತಿದ್ದಾನೆ, ಯಾವ ಬಾಗಿಲಿನಿಂದ ಬಂದ ಎಂದು ಕತ್ತಲಲ್ಲಿ ಯೋಚಿಸುತ್ತಿದ್ದ.

ಬೋರ್ಡಿನ ಕೊನೆಯ ಅಕ್ಷರ ಬರೆಯುವ ಹೊತ್ತಿಗೆ ಅನಾಹುತವಾಯಿತು. ಅವಳು ಏಣಿಯ ತುದಿಯಲ್ಲಿದ್ದಳು. ಕುಂಚ ಕೈಯಿಂದ ಜಾರಿ ಅವನ ಕಾಲ ಬಳಿ ಬಿತ್ತು. ಮೇಲೆ ನೋಡಿದ. ಅವಳು ಎರಡೂ ಕೈ ಬಿಟ್ಟು, ಗೋಡೆಗೆ ಬೆನ್ನು ಮಾಡಿ ತಿರುಗಿದ್ದಳು. ಮುಖದಲ್ಲಿ ಅವಸರವಿತ್ತು, ಒಲೆಯ ಮೇಲೆ ಹಾಲಿಟ್ಟು ಮರೆತವರ ಅವಸರ.

"ಬಂದೆ, ಬಂದೆ!" ಎಂದವಳೇ, ಹೊಸ್ತಿಲು ದಾಟುವಂತೆ ಗಾಳಿಗೆ ಕಾಲಿಟ್ಟಳು.

ಅವನು ಏಣಿ ಬಿಟ್ಟು ತೋಳು ಚಾಚಿದ. ಹಿಡಿಯುವುದೇನು ಬಂತು, ಅವಳು ಅವನ ಮೇಲೆಯೇ ಬಿದ್ದಳು. ಇಬ್ಬರೂ ನೆಲಕ್ಕುರುಳಿದರು. ಬಣ್ಣದ ಡಬ್ಬ ಮಗುಚಿ ಫುಟ್‌ಪಾತೆಲ್ಲ ನೀಲಿಯಾಯಿತು. ಅವಳ ಮಣಿಕಟ್ಟು ಮುರಿದಿತ್ತು. ನೋವಿಗೆ ಹಲ್ಲು ಕಚ್ಚಿಕೊಂಡೇ, "ಔಷಧ... ಇನ್ನೂ ಇಳಿದಿಲ್ಲ ನೋಡಿ," ಎಂದಳು.

ಅವನಿಗೆ ಅಷ್ಟು ಸಾಕಾಯಿತು.

ಅವಳ ಕೈಗೆ ಪಟ್ಟಿ ಕಟ್ಟಿಸಿ ಕೆಳಗಿನ ಮೂಳೆ ವಾರ್ಡಿನಲ್ಲಿ ಮಲಗಿಸಿ, ಅವನು ನೇರ ಡಾಕ್ಟರಮ್ಮನ ಕೋಣೆಗೆ ಹೋದ. ಸಂಶೋಧನೆಯ ಮುಖ್ಯಸ್ಥೆ ಆಕೆ. ಕೂದಲು ನೆರೆತ, ಮಾತು ಕಡಿಮೆಯ ಹೆಂಗಸು. ಅವನ ಶರ್ಟಿನ ತುಂಬ ನೀಲಿ ಬಣ್ಣ ನೋಡಿ ಕನ್ನಡಕ ತೆಗೆದರು.

ನಿಂತೇ ಎಲ್ಲವನ್ನೂ ಹೇಳಿದ. ಬೆಂಚು, ಸುಳ್ಳು, ಏಣಿ.

"ಏನ್ರೀ," ಎಂದರು ಅವರು. ದನಿ ಏರಲಿಲ್ಲ, ಅದೇ ಹೆಚ್ಚು ಚುಚ್ಚಿತು. "ನಿಮಗೆ ಇದ್ದ ನಿಯಮ ಒಂದೇ."

"ಗೊತ್ತು ಮೇಡಂ."

"ಹದಿನೇಳಕ್ಕೆ ಏನಿತ್ತು? ನಾನೇ ಕೇಳ್ತಿದೀನಿ, ಹೇಳಿ."

"ವಿಟಮಿನ್."

ಅವರು ಹದಿನೇಳರ ಕಡತ ತೆರೆದು, ತಾವೇ ಬರೆದಿದ್ದ ಸಾಲಿನ ಮೇಲೆ ಬೆರಳಿಟ್ಟರು. "ಇಷ್ಟು ದಿನ ನಾವು ಆ ದನಿಯನ್ನ ಔಷಧದ ತಲೆಗೆ ಕಟ್ಟಿ ಕೂತಿದ್ವಿ," ಎಂದರು ಕೊನೆಗೆ. "ತಾನಾಗೇ ಇಳಿಯುತ್ತೆ ಅಂತ. ಆ ಹೆಣ್ಣುಮಗಳಿಗೆ ಬೇಕಾಗಿದ್ದ ಚಿಕಿತ್ಸೆಯೇ ಬೇರೆ. ನಾನೂ ಆಗಲೇ ಕೇಳ್ಬೇಕಿತ್ತು, ಕೇಳ್ಲಿಲ್ಲ." ಕನ್ನಡಕ ಹಾಕಿಕೊಂಡರು. "ನಾಳೆಯಿಂದ ನೀವು ಈ ಮಹಡಿಗೆ ಬರ್ಬೇಡಿ. ಗುಳಿಗೆಯ ವಿಷಯ ಅವಳಿಗೆ ನಾನು ಹೇಳ್ತೀನಿ. ನಿಮ್ಮ ಸುಳ್ಳನ್ನ ನೀವೇ ಹೇಳಿ."

ಮರುದಿನ ಬೆಳಿಗ್ಗೆ ವಾರ್ಡಿಗೆ ಹೋದಾಗ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಡಾಕ್ಟರಮ್ಮ ಬಂದು ಹೋಗಿದ್ದರು.

"ಅದು ಖಾಲಿ ಗುಳಿಗೆಯಂತೆ, ಅಂಗಡಿಯವರೇ," ಎಂದಳು ತಿರುಗದೆ. "ನಿಮಗಾದ್ರೂ ನಿಜವಾದದ್ದು ಸಿಕ್ಕಿತ್ತಾ?"

"ನನಗೆ ಯಾವುದೂ ಸಿಕ್ಕಿಲ್ಲ. ನಾನು ಅದನ್ನ ತುಂಬೋನು." ಅವನು ಒಂದು ಹೆಜ್ಜೆ ಹತ್ತಿರ ಬಂದ. "ನಿಮ್ಮದನ್ನ ತುಂಬಿದ್ದೂ ನಾನೇ. ಮೊದಲನೇ ದಿನದಿಂದ ಗೊತ್ತಿತ್ತು."

ಅವಳು ತಿರುಗಿದಳು. ಅವನ ಮುಖವನ್ನು ಹೊಸದಾಗಿ ಕಂಡವಳಂತೆ ನೋಡಿದಳು.

"ನಾನು ಅವನ ವಿಷಯ ಹೇಳ್ಕೊಂಡು ಅಳ್ತಿದ್ದಾಗ?"

"ಗೊತ್ತಿತ್ತು."

"ಬಂದಿದ್ದ ಅಂತ ಕುಣಿದಾಗ?"

"ಗೊತ್ತಿತ್ತು."

"ಔಷಧ ಇಳಿದ ಮೇಲೆ ಕೇಳಿ ಅಂದ್ನಲ್ಲ, ಆಗ 'ಕಾಯ್ತೀನಿ' ಅಂದ್ರಿ." ಅವಳ ದನಿ ನಡುಗಿತು. "ಯಾವುದಕ್ಕೆ ಕಾಯ್ತಿದ್ರಿ ನೀವು?"

ಅವನ ಕಣ್ಣು ಅವಳ ಕೈಯ ಪಟ್ಟಿಯ ಮೇಲೆ ನಿಂತಿತು.

"ಹೋಗಿ," ಎಂದಳು. "ಮನೇಲಿ ಒಬ್ಬ ಕಾಣದೇ ಇರೋನು ಇದಾನೆ. ಕಣ್ಣೆದುರಿಗೇ ಇದ್ದು ಕಾಣದೇ ಇರೋನು ಇನ್ನೊಬ್ಬ ನನಗೆ ಬೇಡ."

ಅವನನ್ನು ಕೆಳಗಿನ ಔಷಧಿ ಕೌಂಟರಿಗೆ ಹಾಕಿದರು. ಕೆಮ್ಮಿನ ಸಿರಪ್ಪು, ಜ್ವರದ ಮಾತ್ರೆ, ಊಟಕ್ಕೆ ಮೊದಲು, ಊಟದ ನಂತರ. ಕೊನೆಗೂ ನಿಜವಾಗಿಯೇ ಅಂಗಡಿಯವನಾಗಿದ್ದ. ಅಕ್ಕನಿಗೆ ಎಲ್ಲವನ್ನೂ ಹೇಳಿದ. ಅಕ್ಕ ಬೈಯಲಿಲ್ಲ. "ಹೋಗಿ ಕಾಲು ಹಿಡ್ಕೊ ಅನ್ನಲ್ಲ ನಾನು. ಅವಳಾಗೇ ಕರೆದ್ರೆ ಮಾತ್ರ ಹೋಗು. ಕರೆದಾಗ ಮಾತ್ರ ತಡ ಮಾಡ್ಬೇಡ," ಎಂದಳು.

ಅವಳು ವಾರಕ್ಕೊಮ್ಮೆ ಆಸ್ಪತ್ರೆಗೆ ಬರುತ್ತಿದ್ದಳು, ಮನೋವೈದ್ಯರ ಬಳಿ ಮಾತಾಡಲು. ಕೌಂಟರಿನ ಗಾಜಿನಾಚೆ ಹಾದು ಹೋಗುತ್ತಿದ್ದಳು. ಒಂದು ವಾರ ನೋಡದೆ ಹೋದಳು. ಇನ್ನೊಂದು ವಾರ ನೋಡಿಯೂ ನೋಡದಂತೆ ಹೋದಳು. ಕೈಯ ಪಟ್ಟಿ ಬಿಚ್ಚಿದ ವಾರ ನಿಂತಳು.

"ನಿಜವಾದ ಔಷಧ ಬೇಕಾದ್ರೆ ಈಗ ಕೊಡ್ತಾರಂತೆ," ಎಂದಳು ಗಾಜಿನ ಕಿಂಡಿಯ ಮೂಲಕ. "ಖಾಲಿ ಗುಳಿಗೆ ಸಿಕ್ಕಿದವರಿಗೆ ಆಮೇಲೆ ಕೊಡೋ ಪದ್ಧತಿಯಂತೆ. ನನ್ನ ವಿಷಯದಲ್ಲಿ ಮಾತ್ರ ತುಂಬ ಯೋಚನೆ ಮಾಡ್ಬೇಕು ಅಂದ್ರು. ನಾನೇ ಬೇಡ ಅಂದೆ. ವಿಟಮಿನ್ನಿಗೇ ಎದ್ದು ಬಂದೋನು, ಇನ್ನು ಅದನ್ನ ಕೊಟ್ರೆ ನೆಂಟರಿಷ್ಟರನ್ನೆಲ್ಲ ಕಟ್ಕೊಂಡು ಬರ್ತಾನೆ."

ಅವನು ನಕ್ಕುಬಿಟ್ಟ. ನಕ್ಕಿದ್ದಕ್ಕೆ ನಾಚಿದ. ಅವಳೂ ಬಾಯಿ ಬಿಗಿದುಕೊಂಡಳು. ಆದರೆ ಆ ತುಂಟತನ ಕಣ್ಣಿನ ಮೂಲೆಯಿಂದ ಇಣುಕಿಯೇ ಇಣುಕಿತು.

"ನಾಳೆ ಸಂಜೆ ಮನೆಗೆ ಬನ್ನಿ," ಎಂದಳು.

ಎರಡು ಕೋಣೆಯ ಮನೆ. ಗೋಡೆಗೆ ಒರಗಿಸಿಟ್ಟ ಬೋರ್ಡುಗಳು, ಟರ್ಪೆಂಟೈನಿನ ವಾಸನೆ, ಕಿಟಕಿಯ ಬಳಿ ಮುಖಾಮುಖಿ ಎರಡು ಕುರ್ಚಿ. ಹಿಂದಿನ ಬಾಗಿಲಾಚೆ ಕತ್ತಲೆ, ಅಲ್ಲೇ ಬಚ್ಚಲಿರಬೇಕು. ಚಹಾ ತಂದುಕೊಟ್ಟು ಎದುರಿಗೆ ಕೂತಳು. ಹೊರಗೆ ಬೆಳಕು ಕರಗುತ್ತಿತ್ತು. ಇಬ್ಬರೂ ದೀಪ ಹಾಕಲಿಲ್ಲ.

"ಇನ್ನೂ ಕರೀತಾನೆ," ಎಂದಳು. "ಕಡಿಮೆಯಾಗಿದೆ. ಪೂರ್ತಿ ಹೋಗದೇನೂ ಇರಬಹುದು ಅಂತಾರೆ ಡಾಕ್ಟ್ರು. ಮೊದಲು ಔಷಧ ಕರೆಸ್ತಿದೆ ಅಂದ್ಕೊಂಡಿದ್ದೆ. ಈಗ ಗೊತ್ತು, ಕರೆಸ್ಕೊಳ್ತಿರೋಳು ನಾನೇ. ಅಥವಾ ಅವನೇ ಬರ್ತಾನೋ ಏನೋ. ಯಾವುದಾದ್ರೂ ನನ್ನದೇ ತಾನೆ?"

ಅವನು ತಲೆಯಾಡಿಸಿದ.

ಆಗಲೇ ಅವಳ ಕೈಯಲ್ಲಿದ್ದ ಲೋಟ ನಿಂತಿತು. ತಲೆ ಓರೆಯಾಯಿತು. ಕಣ್ಣು ಹಿಂದಿನ ಬಾಗಿಲ ಕಡೆ ಹೊರಳಿತು. ಮನೆಯೊಳಗೆ ಗಾಳಿಯೂ ಉಸಿರು ಹಿಡಿದಂತಾಯಿತು.

"ನಿಮಗೆ ಕೇಳಿಸ್ತಾ?" ಎಂದಳು ಪಿಸುದನಿಯಲ್ಲಿ.

ಅವನು ಕಿವಿಗೊಟ್ಟ. ಇಡೀ ಮೈಯೇ ಕಿವಿಯಾಯಿತು. ಹೌದು ಎಂದರೆ ಅವಳು ಎಷ್ಟು ಹಗುರಾಗುತ್ತಾಳೆ ಎಂಬುದು ಅವಳ ಮುಖದಲ್ಲೇ ಕಾಣುತ್ತಿತ್ತು. ಆ ಹೌದು ನಾಲಗೆಯ ತುದಿಗೇ ಬಂದಿತ್ತು.

"ಇಲ್ಲ," ಎಂದ. "ನನಗೆ ಏನೂ ಕೇಳಿಸ್ಲಿಲ್ಲ."

ಅವಳು ಅವನನ್ನೇ ನೋಡಿದಳು. ಭುಜಗಳು ಮೆಲ್ಲಗೆ ಇಳಿದವು. ಎದ್ದು ಬಾಗಿಲ ಕಡೆ ಹೋಗಲಿಲ್ಲ. ಬಂದೆ ಎನ್ನಲಿಲ್ಲ. ಮುರಿದು ಕೂಡಿದ ಆ ಕೈಯನ್ನು ಮುಂದೆ ಚಾಚಿ ಅವನ ಬೆರಳು ಹಿಡಿದುಕೊಂಡಳು. ಕೈ ತಣ್ಣಗಿತ್ತು.

"ಇಲ್ಲೇ ಇದೀನಿ," ಎಂದಳು ಕತ್ತಲಿನ ಕಡೆಗೆ, ದನಿ ಒಡೆಯದಂತೆ. "ಇಲ್ಲೇ, ಕಿಟಕಿ ಹತ್ರ ಕೂತಿದೀನಿ."

ಅವನು ಆ ಕೈಯನ್ನು ತನ್ನ ಎರಡೂ ಅಂಗೈಗಳ ನಡುವೆ ಇಟ್ಟುಕೊಂಡ.

"ಈಗ ಕೇಳ್ಲಾ?" ಎಂದ ಅವನು.

"ಅವನು ಇನ್ನೂ ಹೋಗಿಲ್ಲ."

"ಗೊತ್ತು."

"ಹೋಗದೇ ಇದ್ರೆ?"

"ಇರಲಿ. ಮನೆ ಅವನದೂ ಅಲ್ವಾ?"

ಅವಳು ಅಳುತ್ತಾ ತಲೆಯಾಡಿಸಿದಳು. ಅವನು ಕೇಳಿದ. ಅವಳು ಹೂಂ ಎಂದಳು. ಅದಾಗಿ ಎಷ್ಟೋ ಕಾಲದ ಮೇಲೂ, ದೀಪ ಹಚ್ಚುವ ಹೊತ್ತಿಗೆ ಕೆಲವು ಸಂಜೆ ಅವಳು ಕೆಲಸದ ನಡುವೆ ಸುಮ್ಮನಾಗುತ್ತಾಳೆ. ಅವನು ಪೇಪರು ಮಡಚಿಟ್ಟು, ಅವಳು ವಾಪಸ್ ಬರುವವರೆಗೆ ಕಾಯುತ್ತಾನೆ.

"ಏನಂತೆ?" ಎನ್ನುತ್ತಾನೆ.

"ಏನಿಲ್ಲ," ಎನ್ನುತ್ತಾಳೆ ಅವಳು. "ಸುಮ್ನೆ ಕರೆದ."